ಕಪ್ಪು ಗಾಜು ಮತ್ತು ವಿರುದ್ಧರಾಜ್ಯಾತಿಕ್ರಮ

ಗೃಹಸ್ಥನ ಆಚಾರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೊಡ್ಡ ಪಾಪಗಳನ್ನೇ ಎತ್ತಿಕೊಳ್ಳುವುದು ರೂಢಿ. ಕೊಲೆ, ಕಳವು, ಸುಳ್ಳುಸಾಕ್ಷಿ ಇವುಗಳ ಹೇಯತೆಯನ್ನು ವಿವರಿಸಲು ಹೆಚ್ಚಿನ ಪಾಂಡಿತ್ಯ ಬೇಡ. ಓದುವವರಲ್ಲಿ ಅವನ್ನು ಮಾಡುವವರೂ ವಿರಳ. ನಿತ್ಯಜೀವನದಲ್ಲಿ ನಮಗೆ ಎದುರಾಗುವುದು ಬೇರೊಂದು ಬಗೆಯ ಪ್ರಶ್ನೆ. ಕಾನೂನು ನಿಷೇಧಿಸಿದೆ, ಆದರೆ ದಂಡ ಅಲ್ಪ. ನಿಯಮವಿದೆ, ಆದರೆ ಕೇಳುವವರಿಲ್ಲ. ನೆರೆಯವರೆಲ್ಲರೂ ಮಾಡುತ್ತಾರೆ, ಯಾರಿಗೂ ನೇರವಾಗಿ ನೋವಾದಂತೆ ಕಾಣುವುದಿಲ್ಲ. ಇಂತಹ ಸಣ್ಣ ಉಲ್ಲಂಘನೆಯು ವ್ರತಕ್ಕೆ ಅತಿಚಾರವಾಗುತ್ತದೆಯೇ, ಅಥವಾ ಅದು ಸರಕಾರಕ್ಕೂ ಪ್ರಜೆಗೂ ನಡುವಣ ಲೆಕ್ಕಾಚಾರ ಮಾತ್ರವೇ? ಇದನ್ನು ಪರಿಶೀಲಿಸಲು ಮೋಟಾರುಕಾರಿನ ಕಿಟಕಿಗಾಜಿಗೆ ಅಂಟಿಸುವ ಕಪ್ಪು ಫಿಲ್ಮನ್ನು ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ನಮ್ಮ ವಿವಾಹಮಂಟಪಗಳ ಎದುರು, ಬಸದಿಯ ಮುಂದಣ ಬಯಲಿನಲ್ಲಿ ಸಾಲಾಗಿ ನಿಂತ ವಾಹನಗಳನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಹಾಗೆ ತೋರಲಾರದು.

ಮೊದಲು ಕಾನೂನಿನ ಸ್ವರೂಪವನ್ನು ತಿಳಿಯುವುದು ಯುಕ್ತ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮವು ವಾಹನದ ಗಾಜುಗಳಿಗೆ ಸಂಬಂಧಿಸಿದುದು. ಮುಂಗಾಜು ಮತ್ತು ಹಿಂಗಾಜುಗಳ ಮೂಲಕ ನೂರಕ್ಕೆ 70 ಭಾಗಕ್ಕೆ ಕಡಿಮೆಯಿಲ್ಲದಂತೆ, ಪಕ್ಕದ ಗಾಜುಗಳ ಮೂಲಕ ನೂರಕ್ಕೆ 50 ಭಾಗಕ್ಕೆ ಕಡಿಮೆಯಿಲ್ಲದಂತೆ ಬೆಳಕು ತೂರಿಹೋಗಬೇಕು ಎಂಬುದು ಅದರ ತಾತ್ಪರ್ಯ. ಈ ಅಂಕಿಗಳನ್ನೇ ಹಿಡಿದುಕೊಂಡು ಅನೇಕ ವರ್ಷಗಳ ಕಾಲ ಅಂಗಡಿಗಳಲ್ಲಿ ಫಿಲ್ಮ್ ಮಾರಾಟವಾಯಿತು. ‘ಇದು 50 ಪರ್ಸೆಂಟಿನದು, ಕಾನೂನಿಗೆ ಒಳಪಟ್ಟದ್ದು’ ಎಂಬುದು ಮಾರುವವರ ಮಾತು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠವು, ನಾಗರಿಕರೊಬ್ಬರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ, ಈ ವಾದವನ್ನು ತಳ್ಳಿಹಾಕಿತು. ನಿಯಮವು ಹೇಳಿರುವುದು ಕಾರ್ಖಾನೆಯಲ್ಲಿ ತಯಾರಾಗುವ ಗಾಜಿನ ಗುಣವನ್ನು. ಅನಂತರ ಅದರ ಮೇಲೆ ಯಾವ ಪ್ರಮಾಣದ ಫಿಲ್ಮನ್ನಾದರೂ ಅಂಟಿಸಲು ನಿಯಮ ಅವಕಾಶ ಕೊಟ್ಟಿಲ್ಲ ಎಂದು ಅದು ತೀರ್ಮಾನಿಸಿತು. ಆ ವರ್ಷದ ಮೇ 4ರಿಂದ ಆದೇಶ ಜಾರಿಗೆ ಬಂತು. ಪೊಲೀಸರು ದಂಡ ಹಾಕುವುದಷ್ಟೇ ಅಲ್ಲದೆ ಫಿಲ್ಮನ್ನು ಆಗಲೇ ತೆಗೆಸಬೇಕೆಂದೂ ಸೂಚನೆಯಿತ್ತು. ಆದೇಶವನ್ನು ಮಾರ್ಪಡಿಸಬೇಕೆಂದು ಬಂದ ಅರ್ಜಿಗಳು ಅದೇ ಆಗಸ್ಟ್‌ನಲ್ಲಿ ತಿರಸ್ಕೃತವಾದವು. ಆ ಬೇಸಗೆಯಲ್ಲಿ ನಗರಗಳ ವೃತ್ತಗಳಲ್ಲಿ ನಿಂತು ಕಾರುಗಳ ಗಾಜಿನಿಂದ ಫಿಲ್ಮ್ ಸುಲಿಯುತ್ತಿದ್ದ ಸಂಚಾರ ಪೊಲೀಸರನ್ನು ವಾಚಕರು ಮರೆತಿರಲಾರರು.

ಗಾಜಿನ ಪಾರದರ್ಶಕತೆಗೆ ಕಾನೂನು ಇಷ್ಟು ಮಹತ್ತ್ವ ಕೊಡುವುದಕ್ಕೆ ಎರಡು ಕಾರಣಗಳಿವೆ. ಒಳಗಿರುವವನು ಹೊರಗಿನದನ್ನು ಕಾಣಬೇಕು. ಹೊರಗಿರುವವನು ಒಳಗಿನದನ್ನು ಕಾಣಬೇಕು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಎರಡನೆಯ ಕಾರಣ, ಅಂದರೆ ಅಪಹರಣ, ದರೋಡೆ, ಸ್ತ್ರೀಯರ ಮೇಲಣ ಅತ್ಯಾಚಾರ ಮೊದಲಾದ ಅಪರಾಧಗಳಿಗೆ ಕಪ್ಪು ಗಾಜು ಮರೆಯಾಗುತ್ತದೆ ಎಂಬುದು. ಆದರೆ ನಮ್ಮ ದೃಷ್ಟಿಯಿಂದ ಮೊದಲನೆಯದು ಹೆಚ್ಚು ವಿಚಾರಣೀಯ.

ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು ಪ್ರಮತ್ತಯೋಗವನ್ನು ಮೂಲದಲ್ಲಿಟ್ಟರು. ಕೊಲ್ಲಬೇಕೆಂಬ ಸಂಕಲ್ಪವಿಲ್ಲದಿದ್ದರೂ ಎಚ್ಚರಗೇಡಿತನದಿಂದ ಪ್ರಾಣಹಾನಿಯಾದರೆ ಅದು ಹಿಂಸೆಯೇ. ಎಚ್ಚರವಿದ್ದೂ ಆದ ಹಾನಿಯ ಸ್ಥಿತಿ ಬೇರೆ. ಸಾಧುಗಳಿಗೆ ವಿಹಿತವಾದ ಈರ್ಯಾಸಮಿತಿ, ಅಂದರೆ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ನಿಯಮ, ಗೃಹಸ್ಥನಿಗೆ ಅದೇ ಕಟ್ಟುನಿಟ್ಟಿನಲ್ಲಿ ಅನ್ವಯಿಸದು. ಆದರೂ ಕಾಲ್ನಡಿಗೆಯವನಿಗೇ ಅಷ್ಟು ಎಚ್ಚರ ವಿಧಿಸಿದ ಪರಂಪರೆಯು ಸಾವಿರ ಕಿಲೋಗ್ರಾಮಿಗೂ ಮಿಗಿಲಾದ ತೂಕದ ಲೋಹವನ್ನು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡಿಸುವವನಿಗೆ ಏನು ಹೇಳಿತೆಂದು ಊಹಿಸುವುದು ಕಷ್ಟವಲ್ಲ. ಹಗಲಿನಲ್ಲಿ ಕಪ್ಪು ಗಾಜಿನ ತೊಂದರೆ ಅರಿವಿಗೆ ಬರುವುದಿಲ್ಲ. ಮುಸ್ಸಂಜೆಯಲ್ಲಿ, ಮಳೆಯಲ್ಲಿ, ಬೀದಿದೀಪವಿಲ್ಲದ ತಿರುವಿನಲ್ಲಿ ಪಕ್ಕದಿಂದ ಬರುವ ಸೈಕಲ್ಲು, ರಸ್ತೆಯಂಚಿನ ದನ, ದಾಟಲು ನಿಂತ ಮುದುಕಿ ಇವರೆಲ್ಲ ಆ ಗಾಜಿನ ಹಿಂದಿರುವವನಿಗೆ ಇತರರಿಗೆ ಕಂಡಷ್ಟು ಬೇಗ ಕಾಣುವುದಿಲ್ಲ. ವಯಸ್ಸಾದಂತೆ ಕಣ್ಣಿನ ಒಳಗೆ ಸೇರುವ ಬೆಳಕು ಕಡಿಮೆಯಾಗುತ್ತದೆಂಬುದು ವೈದ್ಯರ ಮಾತು. ಅರವತ್ತು ದಾಟಿದ ನನ್ನಂಥವರಿಗೆ ಅದನ್ನು ವೈದ್ಯರೇ ಹೇಳಬೇಕಾಗಿಲ್ಲ. ಅಂಥವನು ತನ್ನ ಕಾರಿನ ಗಾಜಿಗೆ ತಾನೇ ಕಪ್ಪು ಬಳಿದುಕೊಂಡರೆ ಅದನ್ನು ಹಣ ಕೊಟ್ಟು ಕೊಂಡ ಪ್ರಮಾದವೆನ್ನಬೇಕಾಗುತ್ತದೆ.

ಇನ್ನೂ ಒಂದು ಅಂಶವುಂಟು. ನಮ್ಮ ದೇಶದ ರಸ್ತೆಗಳಲ್ಲಿ ಪಾದಚಾರಿಯು ದಾಟುವುದು ದೀಪದ ಸಂಕೇತ ನೋಡಿ ಅಲ್ಲ, ಚಾಲಕನ ಮುಖ ನೋಡಿ. ಅವನು ನನ್ನನ್ನು ಕಂಡನೇ, ತಲೆಯಾಡಿಸಿದನೇ, ಕೈಬೀಸಿ ನಿಲ್ಲೆಂದನೇ ಎಂಬುದರ ಮೇಲೆ ಜೀವ ನಿಂತಿದೆ. ವಿಹಾರ ಮಾಡುವ ತ್ಯಾಗಿಗಳು ಹೆದ್ದಾರಿಯ ಅಂಚಿನಲ್ಲಿ ಬರಿಗಾಲಿನಲ್ಲಿ ನಡೆಯುತ್ತಾರೆ. ವಾಹನ ಬಡಿದು ತ್ಯಾಗಿಗಳು ಮರಣಹೊಂದಿದ ಸುದ್ದಿಯನ್ನು ನಾವು ಹಲವು ಸಲ ಓದಿ ಮರುಗಿದ್ದೇವೆ. ಸಂಘದ ಯುವಕರು ಮುಂದೆ ಹಿಂದೆ ನಡೆದು ಬಾವುಟ ಹಿಡಿಯುವ ವ್ಯವಸ್ಥೆಯನ್ನೂ ಅನೇಕ ಊರುಗಳಲ್ಲಿ ಮಾಡಿಕೊಂಡಿದ್ದಾರೆ. ಆ ಅಪಘಾತಗಳಿಗೆಲ್ಲ ಕಪ್ಪು ಗಾಜು ಕಾರಣವೆಂದು ನಾನು ಹೇಳುತ್ತಿಲ್ಲ. ಹಾಗೆ ಬಾವುಟ ಹಿಡಿಯುವವರ ಮನೆಯ ಕಾರಿನಲ್ಲಿಯೇ ಚಾಲಕನ ಮುಖ ಹೊರಗಿನವರಿಗೆ ಕಾಣದಿದ್ದರೆ ಆ ಎರಡು ನಡತೆಗಳು ಹೇಗೆ ಹೊಂದುತ್ತವೆಂದು ಕೇಳುತ್ತಿದ್ದೇನೆ, ಅಷ್ಟೆ.

ಇನ್ನು ಪೂರ್ವಪಕ್ಷಕ್ಕೆ ಬರೋಣ. ಫಿಲ್ಮ್ ಹಾಕಿಸುವವರು ಮುಖ್ಯವಾಗಿ ಹೇಳುವುದು ಬಿಸಿಲನ್ನು. ರಾಯಚೂರು, ಕಲಬುರ್ಗಿಗಳ ಬೇಸಗೆಯನ್ನು ಬಲ್ಲವರು ಈ ಮಾತನ್ನು ಹಗುರವಾಗಿ ತಳ್ಳಲಾರರು. ಆದರೆ ಭೂಮಿಗೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿದೆ. ಆ ಕಿರಣಗಳನ್ನು ತಡೆದು ಬೆಳಕನ್ನು ಬಿಡುವ ಗಾಜುಗಳೂ ಪದರಗಳೂ ಈಗ ತಯಾರಾಗುತ್ತಿವೆ. ಕಪ್ಪು ಎಷ್ಟು ಹೆಚ್ಚೋ ತಂಪು ಅಷ್ಟು ಹೆಚ್ಚು ಎಂಬ ಲೆಕ್ಕ ತಪ್ಪು. ಅಗ್ಗದ ಕಪ್ಪು ಫಿಲ್ಮು ಬಿಸಿಲನ್ನು ಹೀರಿ ತಾನೇ ಕಾದು ಅದರಲ್ಲೊಂದು ಪಾಲನ್ನು ಒಳಕ್ಕೇ ಬಿಡುತ್ತದೆ. ತಂಪು ಬೇಕಾದವನಿಗೆ ಕತ್ತಲೆ ಬೇಕಾಗಿಲ್ಲ. ಆದ್ದರಿಂದ ಬಿಸಿಲಿನ ನೆಪ ಹೇಳಿ ಅತ್ಯಂತ ಕಪ್ಪಾದುದನ್ನೇ ಆರಿಸುವವನ ಮನಸ್ಸಿನಲ್ಲಿ ಇನ್ನೊಂದು ಉದ್ದೇಶವಿರುತ್ತದೆ. ಬಹುಮಟ್ಟಿಗೆ ಅದು ಗತ್ತು. ಒಳಗಿರುವವರು ಯಾರೋ ದೊಡ್ಡವರೆಂದು ಹೊರಗಿನವರು ಭಾವಿಸಲಿ ಎಂಬ ಆಸೆ. ಮಾನಕಷಾಯದ ಇದಕ್ಕಿಂತ ಅಗ್ಗದ ರೂಪವನ್ನು ನಾನು ಕಂಡಿಲ್ಲ, ಫಿಲ್ಮಿನ ಬೆಲೆ ಮಾತ್ರ ಅಗ್ಗವಲ್ಲ.

ಎರಡನೆಯ ವಾದ ಖಾಸಗಿತನದ್ದು. ಇದು ಗೌರವಾರ್ಹವಾದ ವಾದ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಾಗಿದ್ದರೆ ನನ್ನ ಕಾರಿನೊಳಗೆ ಇಣುಕಲು ಪರರಿಗೇನು ಅಧಿಕಾರ? ಇದಕ್ಕೆ ಸಮಾಧಾನ ಹೀಗೆ ಹೇಳಬಹುದು. ಆ ತೀರ್ಪು ಖಾಸಗಿತನಕ್ಕೆ ಮೇರೆಯೇ ಇಲ್ಲವೆಂದು ಹೇಳಿಲ್ಲ. ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಆ ಉದ್ದೇಶಕ್ಕೆ ತಕ್ಕಷ್ಟೇ ನಿರ್ಬಂಧ ಇವಿದ್ದರೆ ಮಿತಿ ಹಾಕಬಹುದೆಂದಿದೆ. ಮನೆಯ ಕಿಟಕಿಗೆ ಪರದೆ ಹಾಕುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಮನೆ ಚಲಿಸಿ ಬಂದು ಯಾರನ್ನೂ ಹಾಯುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅಪಾಯಕಾರಿಯಾದ ವಸ್ತುವನ್ನು ನಡೆಸುವವನು ಅದರಿಂದ ಅಪಾಯಕ್ಕೊಳಗಾಗಬಹುದಾದವರಿಗೆ ತನ್ನನ್ನು ಕಾಣಿಸಿಕೊಳ್ಳುವುದು ಅವನು ತೆರಬೇಕಾದ ಕನಿಷ್ಠ ಶುಲ್ಕ.

ಮೂರನೆಯ ವಾದವು ನನ್ನನ್ನು ಹೆಚ್ಚು ಕಾಲ ಯೋಚಿಸುವಂತೆ ಮಾಡಿತು. ಅದನ್ನು ಹೇಳಿದವರು ನಮ್ಮ ಬಂಧುವರ್ಗದ ತರುಣಿಯೊಬ್ಬರು, ಲೆಕ್ಕಪರಿಶೋಧಕರು. ರಾತ್ರಿ ಕಚೇರಿಯಿಂದ ಒಬ್ಬರೇ ಕಾರು ನಡೆಸಿಕೊಂಡು ಮನೆಗೆ ಬರುವವರು. “ದೊಡ್ಡಪ್ಪಾ, ಸಿಗ್ನಲಿನಲ್ಲಿ ನಿಂತಾಗ ಪಕ್ಕದ ಬೈಕಿನವರು ಒಳಗೆ ಒಬ್ಬಳೇ ಹೆಣ್ಣುಮಗಳಿದ್ದಾಳೆಂದು ನೋಡಿಬಿಟ್ಟರೆ ಮನೆಯ ಗೇಟಿನವರೆಗೂ ಹಿಂದೆಯೇ ಬರುತ್ತಾರೆ. ನನ್ನನ್ನು ಮರೆಮಾಡುವ ಗಾಜು ನಿಮಗೆ ಅಪರಾಧವಾಗಿ ಕಾಣುತ್ತದೆ. ನನಗೆ ಅದು ಬಾಗಿಲಿನ ಅಗುಳಿ,” ಎಂದರು. ಈ ಮಾತಿಗೆ ಥಟ್ಟನೆ ಉತ್ತರ ಕೊಡುವವನು ಅವರ ಸ್ಥಾನದಲ್ಲಿ ನಿಂತು ನೋಡಿಲ್ಲವೆಂದೇ ಅರ್ಥ. ನಾನು ಹೇಳಬಲ್ಲದ್ದು ಇಷ್ಟು: ಅವರನ್ನು ಮರೆಮಾಡುವ ಗಾಜೇ ಅವರಂಥವರನ್ನು ಬಲಾತ್ಕಾರವಾಗಿ ಎಳೆದು ಕೂರಿಸಿಕೊಂಡ ದುಷ್ಟನನ್ನೂ ಮರೆಮಾಡುತ್ತದೆ; ಕಾನೂನು ಗಾಜನ್ನು ನೋಡಬಲ್ಲದು, ಗಾಜಿನ ಹಿಂದಿನವರ ಮನಸ್ಸನ್ನು ನೋಡಲಾರದು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಆ ದಾರುಣ ಕೃತ್ಯ ನಡೆದ ಬಸ್ಸಿಗೆ ಕಪ್ಪು ಗಾಜೂ ಪರದೆಯೂ ಇದ್ದವು. ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದು ಆಗ ಎಂಟು ತಿಂಗಳೂ ತುಂಬಿರಲಿಲ್ಲ. ಬಸ್ಸು ರಾಜಧಾನಿಯ ರಸ್ತೆಗಳಲ್ಲಿ, ಪೊಲೀಸ್ ತಪಾಸಣಾ ಸ್ಥಳಗಳನ್ನು ದಾಟಿಕೊಂಡೇ ಸುತ್ತಿತು, ಯಾರೂ ತಡೆಯಲಿಲ್ಲ. ಆದರೂ ಆ ತರುಣಿಯ ಭಯ ಸುಳ್ಳಲ್ಲ. ಗಾಜನ್ನು ತಿಳಿಯಾಗಿಡು ಎಂದು ಅವರಿಗೆ ಹೇಳುವ ರಾಜ್ಯವು ರಾತ್ರಿಯ ರಸ್ತೆಯನ್ನು ಅವರಿಗೆ ನಿರ್ಭಯವಾಗಿಸುವ ಹೊಣೆಯನ್ನೂ ಹೊತ್ತಿದೆ. ಆ ಹೊಣೆಯನ್ನು ಅದು ತೀರಿಸಿಲ್ಲ.

ಇದರಿಂದ ಜಾರಿಯ ಪ್ರಶ್ನೆಗೆ ಬಂದಂತಾಯಿತು. ಕಪ್ಪು ಗಾಜಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಅಪರಾಧವು ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತದೆ. ವೃತ್ತದಲ್ಲಿ ನಿಂತ ಕಾನ್‌ಸ್ಟೇಬಲ್ ಒಬ್ಬರ ಮುಂದೆ ದೊಡ್ಡದೊಂದು ವಾಹನ ಬರುತ್ತದೆ. ಗಾಜು ಅಮಾವಾಸ್ಯೆಯಂತಿದೆ. ಒಳಗಿರುವವರು ವ್ಯಾಪಾರಿಯೋ, ಶಾಸಕರೋ, ತಮ್ಮ ಮೇಲಧಿಕಾರಿಯ ಅಳಿಯನೋ ಅವರಿಗೆ ತಿಳಿಯದು. ತಿಳಿಯದಂತೆ ಮಾಡಿರುವುದು ಆ ಗಾಜೇ. ಅವರು ಕೈಯೆತ್ತುವುದಿಲ್ಲ. ಅದರ ಹಿಂದೆ ಬಂದ ಹಳದಿ ಫಲಕದ ಟ್ಯಾಕ್ಸಿಯವನನ್ನು ನಿಲ್ಲಿಸುತ್ತಾರೆ, ಅವನ ಹಿಂಗಾಜಿನಲ್ಲಿ ಬಿಸಿಲಿಗೆಂದು ಹಾಕಿದ ಒಂದು ತುಂಡು ಫಿಲ್ಮಿದೆ. ಅವನು ಯಾರೆಂದು ಕಾಣಿಸುತ್ತದೆ. ಹೀಗೆ, ಕಡಿಮೆ ಮುಚ್ಚಿದವನು ದಂಡ ತೆತ್ತು ಪೂರ್ತಿ ಮುಚ್ಚಿದವನು ಮುಂದೆ ಸಾಗುತ್ತಾನೆ.

ನ್ಯಾಯಾಲಯವು ಝಡ್ ಮತ್ತು ಝಡ್ ಪ್ಲಸ್ ವರ್ಗದ ಭದ್ರತೆ ಪಡೆದವರಿಗೆ ಮಾತ್ರ ವಿನಾಯಿತಿಯ ಅವಕಾಶ ಕೊಟ್ಟಿತ್ತು, ಅದೂ ರಾಜ್ಯದ ಉನ್ನತಾಧಿಕಾರಿಗಳ ಸಮಿತಿಯ ಪರಿಶೀಲನೆಗೆ ಒಳಪಟ್ಟು. ಪ್ರಾಣಭಯವಿರುವವರಿಗೆ ಮರೆ ಬೇಕೆಂಬುದು ನ್ಯಾಯವೇ. ಆದರೆ ಅಂತಹ ಭದ್ರತೆಯಿಲ್ಲದ ಅಧಿಕಾರಸ್ಥರ ವಾಹನಗಳಲ್ಲಿಯೂ ಪರದೆ, ಫಿಲ್ಮುಗಳು ಉಳಿದುಕೊಂಡವು. ನೆರೆಯ ಕೇರಳದಲ್ಲಿ 2021ರ ಜನವರಿಯಲ್ಲಿ ಮೋಟಾರು ವಾಹನ ಇಲಾಖೆಯು ‘ಆಪರೇಷನ್ ಸ್ಕ್ರೀನ್’ ಎಂಬ ಹೆಸರಿನಲ್ಲಿ ಗಾಜಿನ ಫಿಲ್ಮು, ಪರದೆಗಳ ವಿರುದ್ಧ ತಪಾಸಣೆ ಆರಂಭಿಸಿತು. ಮಂತ್ರಿಗಳ, ಅಧಿಕಾರಿಗಳ ವಾಹನಗಳ ಪರದೆಯ ಮೇಲೂ ಜನರ ಕಣ್ಣು ಬಿತ್ತು. ಕೆಲವೇ ದಿನಗಳಲ್ಲಿ ಆ ಕಾರ್ಯಾಚರಣೆ ನಿಂತಿತು. ನಮ್ಮಲ್ಲಿಯೂ ಇಂತಹ ಅಭಿಯಾನಗಳು ಮಳೆಗಾಲದ ಹಳ್ಳದಂತೆ ಬರುತ್ತವೆ, ಹೋಗುತ್ತವೆ. ಹಳ್ಳ ಹರಿಯುವಾಗ ಫಿಲ್ಮ್ ತೆಗೆಸಿದವರು ಬತ್ತಿದ ಮೇಲೆ ಮತ್ತೆ ಹಾಕಿಸುತ್ತಾರೆ.

ದಂಡವಾದರೂ ಎಷ್ಟು? ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನ ಸಾಮಾನ್ಯ ದಂಡ 1988ರಲ್ಲಿ ಮೊದಲ ಸಲಕ್ಕೆ 100 ರೂಪಾಯಿಯವರೆಗೆ, ಆಮೇಲಿನ ಸಲಕ್ಕೆ 300ರವರೆಗೆ ಇತ್ತು. 2019ರ ತಿದ್ದುಪಡಿ ಅದನ್ನು 500 ಮತ್ತು 1,500ಕ್ಕೆ ಏರಿಸಿತು. ಒಳ್ಳೆಯ ಫಿಲ್ಮ್ ಹಾಕಿಸಲು ಸಾವಿರಾರು ರೂಪಾಯಿ ಕೊಡುವವನಿಗೆ ಇದು ದಂಡವಾಗಿ ತೋರದು. ವಾಣಿಜ್ಯದವರಾದ ನಮಗಂತೂ ಅದನ್ನು ಖರ್ಚಿನ ಬಾಬಿನಲ್ಲಿ ಬರೆದು ಮರೆಯುವುದು ಅಭ್ಯಾಸ. ‘ವರ್ಷಕ್ಕೊಮ್ಮೆ ಐನೂರು ಹೋದರೆ ಹೋಗಲಿ’ ಎಂದು ಆಡುವ ಮಾತಿನಲ್ಲಿ ದಂಡವು ಪರವಾನಗಿ ಶುಲ್ಕವಾಗಿ ಮಾರ್ಪಟ್ಟಿರುತ್ತದೆ.

ಇಲ್ಲಿಯೇ ನಮ್ಮ ಶಾಸ್ತ್ರದ ಒಂದು ಪದ ನೆನಪಾಗುತ್ತದೆ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಆ ಸ್ಥಾನದಲ್ಲಿ ವಿಲೋಪವೆಂಬ ಮಾತಿದೆ. ಇಂದಿನ ಪ್ರವಚನಕಾರರು ಇದನ್ನು ರಾಜ್ಯದ ಕಾನೂನು ಮೀರುವುದು, ತೆರಿಗೆ ತಪ್ಪಿಸುವುದು ಎಂದು ಸುಲಭವಾಗಿ ವಿವರಿಸಿ ಮುಂದೆ ಸಾಗುತ್ತಾರೆ. ತಪ್ಪಲ್ಲ. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವ್ಯಾಖ್ಯಾನ ಇನ್ನೂ ಸೂಕ್ಷ್ಮವಾಗಿದೆ. ವಿರುದ್ಧರಾಜ್ಯವೆಂದರೆ ಆಡಳಿತ ಕದಡಿದ ರಾಜ್ಯ. ಅಂತಹ ಸ್ಥಿತಿಯಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪಬೆಲೆಗೆ ದೊರಕುತ್ತವೆಂದು, ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ದಾರಿಯಿಂದ ಪಡೆಯಲು ಯತ್ನಿಸುವುದು ಅತಿಕ್ರಮ. ಅಂದರೆ, ಕಾನೂನನ್ನು ಮೀರುವುದಕ್ಕಿಂತಲೂ, ರಾಜ್ಯದ ಶೈಥಿಲ್ಯವನ್ನು ಲಾಭವಾಗಿ ಪರಿವರ್ತಿಸಿಕೊಳ್ಳುವ ಬುದ್ಧಿಯನ್ನು ಆಚಾರ್ಯರು ಗುರುತಿಸಿದ್ದಾರೆ.

ಇದು ಗಾಜಿನ ಪ್ರಶ್ನೆಗೆ ಎಷ್ಟು ನೇರವಾಗಿ ತಗಲುತ್ತದೆಂಬುದನ್ನು ನೋಡಬಹುದು. ‘ಪೊಲೀಸರೇ ಸರಿಯಾಗಿ ಜಾರಿ ಮಾಡುವುದಿಲ್ಲ, ಮಂತ್ರಿಗಳೇ ಪಾಲಿಸುವುದಿಲ್ಲ, ನಾನೇಕೆ ಪಾಲಿಸಲಿ?’ ಎಂಬುದು ಎಲ್ಲರ ಬಾಯಲ್ಲಿ ಬರುವ ವಾದ. ಈ ವಾದವು ಜಾರಿಯ ಸಡಿಲತೆಯನ್ನು ತನಗೆ ವಿನಾಯಿತಿಯೆಂದು ಎಣಿಸುತ್ತದೆ. ಆದರೆ ವ್ರತದ ದೃಷ್ಟಿಯಲ್ಲಿ ಆ ಸಡಿಲತೆಯೇ ಅತಿಚಾರದ ಸಂದರ್ಭ. ರಾಜ್ಯ ಬಿಗಿಯಾಗಿದ್ದಾಗ ನಿಯಮ ಪಾಲಿಸುವುದಕ್ಕೆ ಭಯ ಸಾಕು, ಅಣುವ್ರತ ಬೇಕಾಗಿಲ್ಲ. ಕಾವಲು ಇಲ್ಲದಲ್ಲಿ, ಐನೂರು ರೂಪಾಯಿಗೆ ಮರೆಯೂ ಗತ್ತೂ ಸಿಗುವಲ್ಲಿ, ಅಲ್ಪಬೆಲೆಗೆ ದೊರೆತದ್ದನ್ನು ಬಿಡುವವನ ಬಗ್ಗೆ ಆ ಸೂತ್ರ ಮಾತನಾಡುತ್ತಿದೆ. ಅತಿಚಾರಕ್ಕೂ ಅನಾಚಾರಕ್ಕೂ ಇರುವ ಭೇದವನ್ನು ಬಲ್ಲವರು ಇನ್ನೊಂದನ್ನೂ ಗಮನಿಸಬೇಕು. ಹಳೆಯ ಕಾರನ್ನು ಕೊಂಡು ಅದರ ಗಾಜಿನ ಮೇಲಿದ್ದ ಫಿಲ್ಮನ್ನು ಅರಿಯದೆ ಉಳಿಸಿಕೊಂಡವನ ಸ್ಥಿತಿ ಒಂದು. ದಂಡವನ್ನು ಮುಂಗಡವಾಗಿ ಲೆಕ್ಕಹಾಕಿ ಹಾಕಿಸಿಕೊಂಡವನ ಸ್ಥಿತಿ ಇನ್ನೊಂದು. ಎರಡನೆಯವನಲ್ಲಿ ವ್ರತದ ಅಪೇಕ್ಷೆಯೇ ಉಳಿದಿಲ್ಲ.

ಹಾಗೆಂದು ದೋಷವನ್ನೆಲ್ಲ ಕಾರಿನ ಯಜಮಾನನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಲ್ಲಿ ಕರ್ಮ ಒಳಸೇರುತ್ತದೆ. ಮಾರುವವನು ಇಲ್ಲಿ ಎಲ್ಲಿ ನಿಲ್ಲುತ್ತಾನೆ? ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಾರಿನ ಸಾಮಾನುಗಳ ಅಂಗಡಿಗಳನ್ನು ನಡೆಸುವವರಲ್ಲಿ ನಮ್ಮ ಸಮಾಜದವರೂ ಇದ್ದಾರಾದ್ದರಿಂದ ಈ ಪ್ರಶ್ನೆಯನ್ನು ಬಿಟ್ಟು ಹೋಗಲಾರೆ. ಫಿಲ್ಮ್ ಮಾರುವುದೇ ಪಾಪವೆಂದು ಹೇಳಲು ಬರುವುದಿಲ್ಲ. ಮನೆಯ ಕಿಟಕಿಗೆ, ಕಚೇರಿಯ ಗಾಜಿಗೆ ಅದು ಬೇಕು. ಚಾಕು ಮಾರುವವನಂತೆ ಅವನೂ ಎಂದು ವಾದಿಸಬಹುದು. ಆದರೆ ಕಾರು ಅಂಗಡಿಯ ಮುಂದೆಯೇ ನಿಂತಿದೆ, ಅಂಗಡಿಯ ಹುಡುಗನೇ ನೀರು ಚಿಮುಕಿಸಿ ಫಿಲ್ಮನ್ನು ಎಳೆದು ಅಂಟಿಸುತ್ತಿದ್ದಾನೆ. ಚಾಕುವಿನ ಉಪಮೆ ಅಲ್ಲಿಗೆ ಮುಗಿಯಿತು.

ಅದಕ್ಕಿಂತಲೂ ಗಂಭೀರವಾದುದು ಲೆಕ್ಕದ ಮೋಸ. ಬಿ.ಕಾಂ. ಓದಿದವನಿಗೆ ಇದಕ್ಕೆ ಹೆಚ್ಚಿನ ಗಣಿತ ಬೇಕಿಲ್ಲ. ಕಾರಿನ ಪಕ್ಕದ ಗಾಜು ಕಾರ್ಖಾನೆಯಿಂದ ಬರುವಾಗಲೇ ನೂರಕ್ಕೆ 70 ಭಾಗ ಬೆಳಕನ್ನು ಬಿಡುವಂಥದ್ದೆಂದು ಇಟ್ಟುಕೊಳ್ಳೋಣ. ಅದರ ಮೇಲೆ 50 ಪರ್ಸೆಂಟಿನ ಫಿಲ್ಮ್ ಅಂಟಿಸಿದರೆ ಉಳಿಯುವುದು 50 ಅಲ್ಲ. 70ರಲ್ಲಿ ಅರ್ಧ, ಅಂದರೆ 35. ಅಂಗಡಿಯವನು ‘50ರದ್ದು, ಕಾನೂನಿನ ಒಳಗೇ ಇದೆ’ ಎಂದಾಗ ಫಿಲ್ಮಿನ ಬಗ್ಗೆ ಸತ್ಯ ನುಡಿದ, ಕಿಟಕಿಯ ಬಗ್ಗೆ ಸುಳ್ಳಾಡಿದ. 70ರ ಗಾಜಿನ ಮೇಲೆ 50ಕ್ಕೆ ಇಳಿಯದಂತೆ ಮಾಡಬೇಕಾದರೆ ಫಿಲ್ಮು ಸ್ವತಃ ನೂರಕ್ಕೆ 72 ಭಾಗವನ್ನಾದರೂ ಬಿಡಬೇಕು. ಅದು ಬರಿಗಣ್ಣಿಗೆ ಕಪ್ಪಾಗಿ ಕಾಣುವ ವಸ್ತುವೇ ಅಲ್ಲ. ಮುಂಗಾಜು 70ಕ್ಕೆ ಸಮೀಪವೇ ಇದ್ದರೆ ಅದಕ್ಕೆ ಬಣ್ಣದ ಯಾವ ಪದರಕ್ಕೂ ಎಡೆಯಿಲ್ಲ. ಈ ಗುಣಾಕಾರವನ್ನು ಗಿರಾಕಿಗೆ ಹೇಳದೆ ಮಾರುವುದನ್ನು ಹೀನಾಧಿಕಮಾನೋನ್ಮಾನ ಎಂಬ ಅತಿಚಾರದ ನೆರೆಮನೆಯಲ್ಲಿಯೇ ಇರಿಸಬೇಕು. ಅಳತೆ ಸರಿಯಿದೆ, ಅಳೆದ ವಸ್ತು ಬೇರೆ.

ಈ ಲೆಕ್ಕಕ್ಕೆ ಈಗ ಹೊಸ ಮಹತ್ತ್ವ ಬಂದಿದೆ. 2012ರ ಆದೇಶದ ಮೇರೆಗೆ ಫಿಲ್ಮ್ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಅದಕ್ಕೆ ಬೆರಳಿನ ಉಗುರು ಸಾಕು, ಅಳತೆಯ ಯಂತ್ರ ಬೇಡ. ಅನಂತರ ಕೇಂದ್ರ ಸರಕಾರ 100ನೆಯ ನಿಯಮವನ್ನೇ ತಿದ್ದಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸುರಕ್ಷಾ ಗಾಜಿನ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬ ಮಾತೂ ಸೇರಿತು. 70 ಮತ್ತು 50ರ ಮಿತಿಗಳು ಹಾಗೆಯೇ ಉಳಿದವು. ಇದನ್ನು ಆಧರಿಸಿ ಕೇರಳದ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ, ನಿಗದಿತ ಮಾನದಂಡಕ್ಕೂ ಮಿತಿಗಳಿಗೂ ಒಳಪಟ್ಟ ಫಿಲ್ಮನ್ನು ಅಂಟಿಸಿದ ಕಾರಣಕ್ಕಾಗಿ ದಂಡ ವಿಧಿಸಲಾಗದೆಂದು ಹೇಳಿತು. ಹಿಂದಿನ ಆದೇಶವು ಹಳೆಯ ನಿಯಮವನ್ನು ಆಧರಿಸಿದ್ದೆಂಬುದು ಅದರ ತರ್ಕ. ಕೆಲವರು ಇದನ್ನು ಕೇಳಿ ಕಪ್ಪು ಗಾಜಿಗೆ ಮತ್ತೆ ಬಾಗಿಲು ತೆರೆಯಿತೆಂದು ಹರ್ಷಪಟ್ಟಿದ್ದಾರೆ. ತೀರ್ಪು ಕಪ್ಪಿಗೆ ಅವಕಾಶ ಕೊಟ್ಟಿಲ್ಲ, ಮಿತಿಯೊಳಗಿನ ಪದರಕ್ಕೆ ಕೊಟ್ಟಿದೆ. ಮೇಲಿನ ಗುಣಾಕಾರವನ್ನು ಮಾಡಿದವರಿಗೆ ಆ ಮಿತಿ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಅದು ಒಂದು ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ಎಂಬುದೂ ನೆನಪಿನಲ್ಲಿರಬೇಕು.

ಮಿತಿಯ ಪ್ರಶ್ನೆ ಬಂದೊಡನೆ ಅಳತೆಯ ಪ್ರಶ್ನೆ ಬರುತ್ತದೆ, ಮತ್ತು ಅಲ್ಲಿ ಪೊಲೀಸರಿಗೂ ಅದೇ ಅತಿಚಾರದ ಭಯವಿದೆ. ನನ್ನ ಅಂಗಡಿಯ ತಕ್ಕಡಿಗೂ ಬಟ್ಟುಗಳಿಗೂ ಮಾಪನಶಾಸ್ತ್ರ ಇಲಾಖೆಯವರು ಕಾಲಕಾಲಕ್ಕೆ ಬಂದು ಮುದ್ರೆ ಹಾಕುತ್ತಾರೆ. ಮುದ್ರೆಯ ಅವಧಿ ಮುಗಿದಿದ್ದರೆ, ತೂಕ ಎಷ್ಟೇ ಸರಿಯಿರಲಿ, ನಾನು ದಂಡಾರ್ಹ. ಇದರ ಬಗ್ಗೆ ನನಗೆ ದೂರಿಲ್ಲ. ಹಾಗಿರುವಾಗ ಬೆಳಕು 50ಕ್ಕಿಂತ ಕಡಿಮೆಯೆಂದು ಪ್ರಜೆಯ ಮೇಲೆ ದಂಡ ಹಾಕುವವರು ಅದನ್ನು ಯಾವುದರಿಂದ ಅಳೆದರು? ಗಾಜಿನ ಎರಡು ಬದಿಯಲ್ಲಿ ಹಿಡಿದು ಬೆಳಕಿನ ಪ್ರಮಾಣ ತೋರಿಸುವ ಟಿಂಟ್ ಮೀಟರುಗಳಿವೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ಅವುಗಳಿಲ್ಲದೆ ಕಣ್ಣಂದಾಜಿನಲ್ಲಿ ವಿಧಿಸಿದ ದಂಡವು ತೂಗದೆ ಬೆಲೆ ಕೇಳಿದಂತೆ. ಅದಕ್ಕೆ ರಸೀದಿಯೂ ಇಲ್ಲದಿದ್ದರೆ ಅದತ್ತಾದಾನವೆಂಬ ಹೆಸರೇ ಸಲ್ಲುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದಕ್ಕೆ ಸಮವಸ್ತ್ರ ವಿನಾಯಿತಿಯಲ್ಲ. ಕಾರಿನ ಯಜಮಾನನು ಐನೂರರ ಬದಲು ಇನ್ನೂರು ಕೊಟ್ಟು ರಸೀದಿ ಬೇಡವೆಂದರೆ ಇಬ್ಬರೂ ಸೇರಿ ಮೂರನೆಯವರದನ್ನು ಕದ್ದಂತೆ. ಆ ಮೂರನೆಯವರು ರಸ್ತೆ ದಾಟಲು ನಿಂತಿರುವ ಜನ.

ಟ್ರಸ್ಟುಗಳ ವಿಷಯ ಒಂದೆರಡು ಮಾತು. ಅನೇಕ ಕ್ಷೇತ್ರಗಳಿಗೆ, ವಿದ್ಯಾರ್ಥಿನಿಲಯಗಳಿಗೆ ಸ್ವಂತ ವಾಹನಗಳಿವೆ. ದಾನಿಗಳು ಕೊಟ್ಟ ಕಾರುಗಳು ಅವರು ಹಾಕಿಸಿದ ಫಿಲ್ಮಿನೊಂದಿಗೇ ಬರುತ್ತವೆ. ವ್ಯಕ್ತಿ ಮಾಡಿದ ಉಲ್ಲಂಘನೆ ಅವನ ಲೆಕ್ಕಕ್ಕೆ ಸೇರುತ್ತದೆ. ಟ್ರಸ್ಟಿನ ವಾಹನದ ದಂಡವನ್ನು ತೆರುವುದು ದೇವದ್ರವ್ಯದಿಂದ. ಕಾರ್ಯದರ್ಶಿಗಳು ಮುಂದಿನ ಸಭೆಗೆ ಮೊದಲು ವಾಹನಗಳ ಗಾಜನ್ನು ಒಮ್ಮೆ ನೋಡಬಹುದು. ತೆಗೆಸುವ ಖರ್ಚು ಅಲ್ಪ. ಬಿಸಿನೀರು, ತೆಳು ಬ್ಲೇಡು, ಒಂದು ಮಧ್ಯಾಹ್ನದ ಕೆಲಸ. ಹಿಂಗಾಜಿನಲ್ಲಿ ಮಂಜು ಕರಗಿಸುವ ತಂತಿಗಳಿದ್ದರೆ ಬ್ಲೇಡು ತಗಲಿಸದೆ ಅಂಚಿನಿಂದ ನಿಧಾನವಾಗಿ ಎಳೆಯಬೇಕು. ಬಿಸಿಲಿನ ಚಿಂತೆಯಿದ್ದರೆ ವಾಹನ ನಿಂತಾಗ ಒಳಗಿನಿಂದ ಇಡುವ ತಟ್ಟೆಯಂಥ ಮರೆಗಳು ಸಿಗುತ್ತವೆ, ಹೊರಡುವಾಗ ತೆಗೆದಿಡಬಹುದು. ಹೊಸ ನಿಯಮದ ಮೇರೆಗೆ ತಿಳಿಪದರವನ್ನೇ ಹಾಕಿಸಬೇಕೆಂದಿರುವವರು ಅಂಗಡಿಯವನಿಂದ ಫಿಲ್ಮಿನ ಅಂಕಿಯನ್ನಲ್ಲ, ಗಾಜೂ ಫಿಲ್ಮೂ ಸೇರಿದ ಮೇಲೆ ಮೀಟರು ತೋರಿಸಿದ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ, ಮುಂಗಾಜಿಗೆ ಬೇರೆ, ಪಕ್ಕದ್ದಕ್ಕೆ ಬೇರೆ, ಅಂಗಡಿಯ ಮೊಹರಿನೊಡನೆ.